ಹದ ಬರುವ ಮುಂಚೆ

ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮೈಸೂರಿನವರು, ಅರವತ್ತರ ಆಸುಪಾಸಿನ ವಯಸ್ಸು, ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನುಗಳನ್ನು ನೋಡಿ ವರದಿ ಕೊಡುವ ಕೆಲಸ. ನನ್ನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಅವಳು ‘ಮೇಡಂ’ ಅನ್ನುತ್ತಿದ್ದಳು, ಅವಳನ್ನು ನೋಡಿ ನಾನೂ ‘ಮೇಡಂ’ ಅಂದೆ. ಅವರು ಹೋಗಿ ಕೆಲವು ವರ್ಷಗಳಾದವು. ಮೊನ್ನೆ ಆ ಮನೆಗೆ ಹೊಸ ಬಾಡಿಗೆಯವರು ಬಂದು ಕಿಟಕಿಗೆ ಹಳದಿ ಪರದೆ ಹಾಕಿದರು. ಅದನ್ನು ನೋಡಿದ್ದೇ ಹಳೆಯ ಭಯವೊಂದು ಮತ್ತೆ ಎದ್ದಿತು. ಬರೆದಾದರೂ ಅದನ್ನು ಇಳಿಸಿಕೊಳ್ಳೋಣ ಅಂತ ಕೂತಿದ್ದೇನೆ.

ಮೇಡಂ ಅಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವರ ಬಲಗೈ. ಏನಾದರೂ ಯೋಚಿಸುವಾಗ ಹೆಬ್ಬೆರಳು ತೋರುಬೆರಳನ್ನು ಒತ್ತಿ, ಮೆಲ್ಲಗೆ ಬಿಡಿಸಿ, ನಡುವೆ ಎಳೆ ಬಂತೇ ಅಂತ ನೋಡುತ್ತಿದ್ದರು. ಅವರ ತಂದೆ ಮದುವೆ ಮನೆಗಳ ಅಡುಗೆಯವರು. ಮಗಳು ಸ್ಕೂಲು ಬಿಟ್ಟ ಕೂಡಲೇ ಛತ್ರದ ಹಿತ್ತಲಿಗೆ ಬಂದು, ದೊಡ್ಡ ಬಾಣಲೆಗಳ ಪಕ್ಕ ಮಣೆ ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳಂತೆ. ಅಲ್ಲಿ ಒಂದು ಕಟ್ಟಳೆ ಇತ್ತು. ಒಲೆಯ ಮೇಲೆ ಪಾಕ ಇರುವಾಗ ಯಾರೂ ಹತ್ತಿರ ನಿಂತು ‘ಆಯ್ತಾ’ ಅನ್ನಕೂಡದು. ಕೇಳಿದವರು ಗಂಡಿನ ಕಡೆಯ ಬೀಗರಾದರೂ ಸರಿ, ಸೌಟು ಹಿಡಿದೇ ಆಚೆ ಕಳಿಸುತ್ತಿದ್ದರಂತೆ. ಏನು ಕಾಣ್ತಿದೆ ಅಂತ ಬೇಕಾದರೆ ಕೇಳಬಹುದು. ನೊರೆ ಸಣ್ಣದಾಯಿತು, ಸೌಟಿನಿಂದ ಬೀಳುವುದು ನಿಧಾನವಾಯಿತು, ನೀರಿಗೆ ಬಿಟ್ಟರೆ ಇನ್ನೂ ಹರಡಿಕೊಳ್ಳುತ್ತಿದೆ, ಹೀಗೆ ಎಷ್ಟು ಬೇಕಾದರೂ ಹೇಳಬಹುದು. ಆಯಿತು ಎನ್ನುವುದನ್ನು ಮಾತ್ರ ಪಾಕವೇ ಹೇಳಬೇಕು.

ಆ ಕಟ್ಟಳೆಯನ್ನು ಮೇಡಂ ಹಾಗೇ ಎತ್ತಿಕೊಂಡು ಬಂದು ಐರ್ಲೆಂಡಿನ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅವರ ಕೈಕೆಳಗೆ ಕಲಿಯುವ ಹುಡುಗರು ಪರದೆಯ ಮೇಲಿನ ನೆರಳನ್ನು ನೋಡಿ ಪಟಕ್ಕನೆ ಕಾಯಿಲೆಯ ಹೆಸರು ಹೇಳಿದರೆ ಮುಗಿಯಿತು. ‘ಹೆಸರು ಆಮೇಲೆ. ಮೊದಲು ಏನು ನೋಡ್ತಿದೀಯ ಅದನ್ನ ಹೇಳು’ ಅಂತ ಇಂಗ್ಲಿಷಿನಲ್ಲಿ ಗದರುತ್ತಿದ್ದರು. ಅಂಚು ಇದೆಯಾ, ಇಲ್ಲವಾ? ಮೆತ್ತಗೋ, ಗಟ್ಟಿಯೋ? ಪಕ್ಕದ್ದನ್ನು ತಳ್ಳುತ್ತಿದೆಯಾ, ಸುಮ್ಮನೆ ಕೂತಿದೆಯಾ? ಕನ್ನಡದಲ್ಲಿ ಅವರ ಬಳಿ ಇದಕ್ಕೆಲ್ಲ ಒಂದೊಂದು ಮಾತಿತ್ತು. ಹಸಿ, ಎಳಸು, ದೋರಗಾಯಿ, ಅರೆಹೆಪ್ಪು, ಬಿಗಿ. ಕೊನೆಯದು ಹದ. ಕಿಲ್ಕೆನ್ನಿಯ ಹಳ್ಳಿ ಕಡೆಯ ಒಬ್ಬ ಹುಡುಗನಂತೂ ಈ ಪದ ಹಿಡಿದುಕೊಂಡು, ಸಂಶಯದ ನೆರಳು ಕಂಡಾಗಲೆಲ್ಲ ‘ನಾಟ್ ಹದ ಯೆಟ್, ಡಾಕ್ಟರ್’ ಅನ್ನುತ್ತಿದ್ದನಂತೆ. ಹದವಾಗಿದ್ದರೆ ‘ಗ್ರ್ಯಾಂಡ್’, ಅಂದರೆ ಅಲ್ಲಿನವರ ಮಾತಿನಲ್ಲಿ ಸರಿಯಾಗಿದೆ ಅಂತ. ಇದನ್ನು ಹೇಳಿಕೊಂಡು ನಗುವಾಗ ಮೇಡಂ ಸೆರಗಿಲ್ಲದ ಸ್ವೆಟರಿನಲ್ಲಿ ಸೆರಗು ಹುಡುಕಿ ಬಾಯಿಗೆ ಅಡ್ಡ ಹಿಡಿಯಲು ಹೋಗುತ್ತಿದ್ದರು.

ನನ್ನ ಕಸುಬು ಇದಕ್ಕೆ ತದ್ವಿರುದ್ಧ. ಸಾಫ್ಟ್‌ವೇರ್ ಕಂಪನಿಯಲ್ಲಿ, ಇನ್ನೂ ಹುಟ್ಟದ ಪ್ರೋಗ್ರಾಮುಗಳು ಏನೇನು ಮಾಡುತ್ತವೆ ಎಂದು ಮುಂಚಿತವಾಗಿ ಬರೆದುಕೊಡುವುದು ನನ್ನ ಕೆಲಸ. ಎಲ್ಲದಕ್ಕೂ ಹೆಸರು, ಎಲ್ಲದಕ್ಕೂ ಒಂದು ಚೌಕ, ಚೌಕದಿಂದ ಚೌಕಕ್ಕೆ ಬಾಣದ ಗುರುತು. ಹೆಸರಿಲ್ಲದ ವಸ್ತು ಕಂಡರೆ ಮೊದಲು ಒಂದು ಹೆಸರಿಟ್ಟುಬಿಡುತ್ತೇನೆ. ಒಮ್ಮೆ ಕಾಫಿಗೆ ಬಂದಾಗ ಮೇಡಂ ನನ್ನ ಲ್ಯಾಪ್‌ಟಾಪ್ ಇಣುಕಿ, ಇದೆಲ್ಲ ಎಲ್ಲಿದೆ ಅಂತ ಕೇಳಿದರು. ಇನ್ನೂ ಇಲ್ಲ ಮೇಡಂ, ಬರುವ ವರ್ಷಕ್ಕೆ ಆಗುತ್ತೆ ಅಂದೆ. ‘ಮತ್ತೆ ಎಲ್ಲಾ ಕಡೆ ಇದೆ, ಇದೆ ಅಂತ ಬರೆದಿದೀಯಲ್ಲಪ್ಪ’ ಅಂದರು. ನಮ್ಮ ಕಡೆ ಹಾಗೆ ಬರೆಯುವುದು ವಾಡಿಕೆ ಅಂದೆ. ಅವರು ಪಾಪ ಅನ್ನುವಂತೆ ನನ್ನನ್ನು ನೋಡಿ ಇನ್ನೊಂದು ಚಕ್ಕುಲಿ ತೆಗೆದುಕೊಂಡರು.

ಕೊರೊನಾ ಬಂದ ವರ್ಷ ಮಾರ್ಚಿನಲ್ಲಿ ಎಲ್ಲವೂ ಮುಚ್ಚಿತು. ನನ್ನ ಹೆಂಡತಿಗೆ ಆಗ ಮೂರು ತಿಂಗಳು. ಮೊದಲ ವಾರಗಳಲ್ಲಿ ಅವಳು ವಾರ್ಡಿನಿಂದ ಬಂದರೆ ಹಿತ್ತಲಿನ ಶೆಡ್ಡಿನಲ್ಲೇ ಬಟ್ಟೆ ಬದಲಾಯಿಸಿ, ಯಾವುದನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತಿದ್ದಳು. ನಾನು ಬಾಗಿಲ ಹಿಡಿಯನ್ನು ಸೋಪಿನ ನೀರಿನಲ್ಲಿ ಉಜ್ಜುತ್ತಿದ್ದೆ, ಆಲೂಗಡ್ಡೆಯನ್ನೂ ಉಜ್ಜುತ್ತಿದ್ದೆ. ಅವಳು ಬಚ್ಚಲಲ್ಲಿ ಒಂದು ಸಲ ಕೆಮ್ಮಿದರೆ ನಾನು ನಡುಮನೆಯಲ್ಲಿ ನಿಂತಲ್ಲೇ ನಿಲ್ಲುತ್ತಿದ್ದೆ. ಆಮೇಲೆ ಬಸುರಿಯರನ್ನು ರೋಗಿಗಳ ಹತ್ತಿರ ಬಿಡಬಾರದೆಂದು ಅವಳನ್ನು ಮನೆಯಿಂದಲೇ ಫೋನಿನ ಕೆಲಸಕ್ಕೆ ಹಾಕಿದರು. ಸದ್ಯ, ಬದುಕಿಕೊಂಡೆವು ಅಂದುಕೊಂಡೆ.

ಮೇಡಂ ಮಾತ್ರ ದಿನವೂ ಹೋಗುತ್ತಿದ್ದರು. ಸಂಜೆ ಬಂದು ಅವರ ಗೇಟಿನ ಹತ್ತಿರ ನಿಲ್ಲುತ್ತಿದ್ದರು, ನಾವು ನಮ್ಮ ಗೇಟಿನ ಹತ್ತಿರ, ಮಧ್ಯೆ ರಸ್ತೆ. ಕಾರುಗಳೇ ಇಲ್ಲದ್ದರಿಂದ ಕೂಗಬೇಕಾಗಿರಲಿಲ್ಲ. ಆ ದಿನಗಳಲ್ಲಿ ನೋಡುತ್ತಿದ್ದ ಎದೆಯ ಚಿತ್ರಗಳ ಬಗ್ಗೆ ಅವರು ಹೆಚ್ಚು ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, ಒಳಗೆಲ್ಲ ಯಾರೋ ಸಣ್ಣ ರವೆ ತೂರಿದ ಹಾಗಿರುತ್ತೆ, ಇವತ್ತು ರವೆ, ನಾಡಿದ್ದು ಮುದ್ದೆ, ಮಧ್ಯದಲ್ಲಿ ಏನಾಗುತ್ತೆ ಅಂತ ಪುಸ್ತಕದಲ್ಲೂ ಇಲ್ಲ ಅಂದರು. ಅಷ್ಟು ವರ್ಷ ಹದ ನೋಡಿದವರಿಗೂ ಈ ಪಾಕದ ಗುಣ ಗೊತ್ತಿರಲಿಲ್ಲ. ಅವರ ದನಿಯಲ್ಲಿ ಅಂಜಿಕೆ ಕೇಳಿದ್ದು ಅದೇ ಮೊದಲು.

ಐದನೇ ತಿಂಗಳ ಸ್ಕ್ಯಾನಿಗೆ ಹೆಂಡತಿ ಒಬ್ಬಳೇ ಒಳಗೆ ಹೋಗಬೇಕಾಯಿತು. ಗಂಡಂದಿರನ್ನು ಆಗ ಬಿಡುತ್ತಿರಲಿಲ್ಲ. ಕಾರ್ ಪಾರ್ಕಿನಲ್ಲಿ ನನ್ನ ಹಾಗೆ ಇನ್ನೂ ನಾಲ್ಕಾರು ಜನ ತಮ್ಮ ತಮ್ಮ ಕಾರುಗಳಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದರು. ಬೇಗ ಮುಗಿಯಬೇಕಾದದ್ದು ಮುಗಿಯಲಿಲ್ಲ. ಕೊನೆಗೆ ಅವಳು ಬಂದು ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಮಾಸ್ಕ್ ತೆಗೆಯದೆಯೇ ಹೇಳಿದಳು. ಮಗುವಿನ ಎಡ ಶ್ವಾಸಕೋಶದಲ್ಲಿ ಏನೋ ಬೆಳ್ಳಗೆ ಕಾಣುತ್ತಿದೆಯಂತೆ. ಡಬ್ಲಿನ್ನಿನ ದೊಡ್ಡ ಹೆರಿಗೆ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಜಗತ್ತೆಲ್ಲ ಉಸಿರಿಗಾಗಿ ಒದ್ದಾಡುತ್ತಿದ್ದ ಹೊತ್ತಿನಲ್ಲಿ, ಇನ್ನೂ ಒಂದು ಸಲವೂ ಉಸಿರೆಳೆಯದ ನಮ್ಮ ಮಗುವಿಗೆ ಉಸಿರಿನ ಜಾಗದಲ್ಲೇ ಪೆಟ್ಟು. ನಾನು ಕಾರು ಸ್ಟಾರ್ಟ್ ಮಾಡಿದೆ, ಗೇರು ಹಾಕಲು ಮರೆತೆ.

ಡಬ್ಲಿನ್ನಿಗೆ ಹೋಗುವ ದಾರಿಯಲ್ಲಿ ಮೋಟರ್‌ವೇ ಖಾಲಿ. ಪೊಲೀಸರು ತಡೆದರು, ಅವಳ ಹೊಟ್ಟೆಯನ್ನೂ ಅಪಾಯಿಂಟ್‌ಮೆಂಟ್ ಕಾಗದವನ್ನೂ ನೋಡಿ ಕೈಬೀಸಿ ಬಿಟ್ಟರು. ಅಲ್ಲಿಯೂ ಅವಳು ಒಬ್ಬಳೇ ಒಳಗೆ ಹೋದಳು. ಬರುವಾಗ ನಾಲ್ಕೈದು ಕಪ್ಪುಬಿಳುಪು ಚಿತ್ರಗಳನ್ನು ತಂದಿದ್ದಳು. ಎರಡು ಮೂರು ಬಗೆಯದ್ದಿರಬಹುದು, ಹೀಗೆ ಕಂಡದ್ದು ಎಷ್ಟೋ ಸಲ ತಾನೇ ಕುಗ್ಗುತ್ತದೆ, ಕೆಲವು ಸಲ ಕುಗ್ಗುವುದಿಲ್ಲ, ಕಾದು ನೋಡೋಣ ಅಂದರಂತೆ. ಕಾದು ನೋಡುವ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆ ಸೇರುವ ಮುಂಚೆಯೇ ಫೋನಿನಲ್ಲಿ ಮೂರು ಕಾಯಿಲೆಗಳ ಹೆಸರು ಹುಡುಕಿಕೊಂಡಿದ್ದೆ. ಮೂರರಲ್ಲಿ ಅತ್ಯಂತ ಕೆಟ್ಟದ್ದೇ ನಮ್ಮದು ಎಂದು ತೀರ್ಮಾನವೂ ಆಗಿತ್ತು.

ಮೇಡಂ ಸಂಜೆ ನಮ್ಮ ಮನೆ ಮುಂದಿನ ಹುಲ್ಲಿನ ಮೇಲೆ ಬಂದು ನಿಂತರು. ನಾವು ಒಳಗೆ, ಕಿಟಕಿ ಮುಚ್ಚಿತ್ತು, ಫೋನು ಸ್ಪೀಕರಿನಲ್ಲಿ. ಹೆಂಡತಿ ಒಂದೊಂದೇ ಚಿತ್ರವನ್ನು ಗಾಜಿಗೆ ಒತ್ತಿ ಹಿಡಿದಳು. ಮೇಡಂ ಕನ್ನಡಕ ಹಣೆಗೇರಿಸಿ ಮುಂದಕ್ಕೆ ಬಾಗಿದರು. ಇದು ನನ್ನ ವಿಷಯ ಅಲ್ಲ, ನಾನು ದೊಡ್ಡವರ ಎದೆ ನೋಡುವವಳು, ಡಬ್ಲಿನ್ನಿನವರ ಮಾತೇ ಕೊನೆ ಮಾತು ಅಂತ ಮೊದಲೇ ಹೇಳಿಬಿಟ್ಟರು. ನಾನು ತಡೆಯಲಾರದೆ ಕೇಳಿದೆ.

‘ಇದರ ಹೆಸರೇನು, ಅದನ್ನ ಹೇಳಿ ಮೇಡಂ.’

‘ಹೆಸರು ಹೇಳಲ್ಲ. ಕಾಣೋದು ಹೇಳ್ತೀನಿ, ಕೇಳಿಸ್ಕೊ. ಎಡಗಡೆ ಕೆಳಗೆ ಒಂದಿಷ್ಟು ಜಾಗ ಬೆಳ್ಳಗಿದೆ. ಅಂಚು ಕೂಡಿಲ್ಲ. ಹಾಲಿಗೆ ಹೆಪ್ಪು ಹಾಕಿ ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ತೆಗೆದರೆ ಹೇಗಿರತ್ತೆ, ಹಾಗಿದೆ. ಹಾಲೂ ಅಲ್ಲ, ಮೊಸರೂ ಅಲ್ಲ. ಹೃದಯಾನ ಸ್ವಲ್ಪ ಬಲಕ್ಕೆ ಒತ್ತಿದೆ, ಜಾಸ್ತಿ ಇಲ್ಲ. ಸುತ್ತ ನೀರು ಕಾಣ್ತಿಲ್ಲ. ನೀರಿಲ್ಲದೆ ಇರೋದು ಒಳ್ಳೇದು. ಇವತ್ತಿಗೆ ಇಷ್ಟೇ ಇರೋದು.’

‘ಆಮೇಲೆ ಏನಾಗತ್ತೆ?’

‘ಆಮೇಲಿಂದು ಈ ಫೋಟೋದಲ್ಲಿ ಇಲ್ಲ ಕಣಪ್ಪ.’

ಹೆಂಡತಿ ಚಿತ್ರಗಳನ್ನು ಇಳಿಸಿದಳು. ಅವಳ ಮುಖ ಸ್ವಲ್ಪ ಸಡಿಲವಾಗಿತ್ತು. ನನಗೆ ಮಾತ್ರ ಸಿಟ್ಟು ಬಂತು. ಅಷ್ಟು ವಿವರವಾಗಿ ನೋಡಬಲ್ಲವರು ಹೆಸರು ಹೇಳುತ್ತಿಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಹೆದರಿದವನಿಗೆ ಹಗ್ಗವೆಲ್ಲ ಹಾವು.

ಮುಂದಿನ ವಾರಗಳಲ್ಲಿ ನಾನು ಆ ಕೆಟ್ಟ ಹೆಸರನ್ನು ಮನೆಯಲ್ಲಿ ಎಷ್ಟು ಸಲ ಆಡಿದೆನೋ. ಊಟಕ್ಕೆ ಕೂತರೆ ಅದರ ಮಾತು, ಅಡುಗೆಮನೆ ಒರೆಸುತ್ತಾ ಅದರ ಮಾತು. ಹೆಂಡತಿ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದಳು. ಇದು ಮೇಡಂ ಕಿವಿಗೆ ಬಿದ್ದಿರಬೇಕು. ಒಂದು ದಿನ ನನಗೊಬ್ಬನಿಗೇ ಫೋನ್ ಮಾಡಿದರು. ಗದರಲಿಲ್ಲ. ‘ಅವಳು ಮಗು ಹೊರಬೇಕು ಕಣಪ್ಪ. ನೀನು ಅವಳ ಮೇಲೆ ಹೆಸರು ಹೊರಿಸ್ತಿದೀಯ’ ಅಂದು ಫೋನ್ ಇಟ್ಟರು. ಆಮೇಲೆ ನಾನು ಆ ಪದವನ್ನು ಬಾಯಿಗೆ ತರುವುದನ್ನು ಬಿಟ್ಟೆ. ಮನಸ್ಸಿನಿಂದ ಅದು ಹೋಗಲಿಲ್ಲ, ಸುಳ್ಳೇಕೆ.

ಪ್ರತಿ ಸಲ ಡಬ್ಲಿನ್ನಿನಿಂದ ವಾಪಸು ಬಂದಾಗ ಮೇಡಂ ಕೇಳುವ ಪ್ರಶ್ನೆ ಒಂದೇ, ಏನು ಕಂಡಿತು ಅಂತ. ಹೆಂಡತಿಯನ್ನು ಬಿಟ್ಟು ನನ್ನನ್ನೇ ಕೇಳುತ್ತಿದ್ದರು. ಅವಳಿಂದ ಕೇಳಿಕೊಂಡು, ಚಿತ್ರ ಕೈಯಲ್ಲಿ ಹಿಡಿದು, ರಸ್ತೆಯ ಈಚೆಯಿಂದ ನಾನು ಒಪ್ಪಿಸಬೇಕು. ಮೊದಲು ತಡವರಿಸಿದೆ. ‘ಪರವಾಗಿಲ್ಲ ಅನ್ಸತ್ತೆ’ ಅಂದರೆ ಅವರಿಗೆ ಆಗುತ್ತಿರಲಿಲ್ಲ, ‘ಅದು ನಿನ್ನ ಆಸೆ, ಕಂಡಿದ್ದು ಹೇಳು’ ಅನ್ನುತ್ತಿದ್ದರು. ಬರಬರುತ್ತಾ ರೂಢಿಯಾಯಿತು. ಬಿಳಿ ಅಷ್ಟೇ ಇದೆ, ಆದರೆ ಮಗು ಬೆಳೆದಿದೆ. ಅಂಚು ಒಂದು ಕಡೆ ಮಸುಕಾಗಿದೆ. ನೀರಿಲ್ಲ. ಹಾಗೆ ಹೇಳುವಷ್ಟು ಹೊತ್ತು ನನ್ನ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಮನೆಯೊಳಗೆ ಬಂದ ಮೇಲೆ ಮತ್ತೆ ಶುರು.

ಜುಲೈ ಹೊತ್ತಿಗೆ ಮೇಡಂ ತುಂಬಾ ಇಳಿದುಹೋಗಿದ್ದರು. ಗೇಟಿನ ಹತ್ತಿರ ನಿಲ್ಲುವುದು ಬಿಟ್ಟು ಗೋಡೆಯ ಮೇಲೆ ಕೂರುತ್ತಿದ್ದರು. ಹೊಟ್ಟೆನೋವು, ಊಟ ಸೇರುತ್ತಿಲ್ಲ ಎನ್ನುತ್ತಿದ್ದರು. ನನ್ನ ಹೆಂಡತಿ ಸ್ಕ್ಯಾನ್ ಮಾಡಿಸಿ ಮೇಡಂ ಅಂತ ದುಂಬಾಲು ಬಿದ್ದಳು. ಮಾಡಿಸೋಣ, ಉಸಿರು ಸಿಗದವರು ಸಾಲಾಗಿ ಕಾಯುತ್ತಿರುವಾಗ ನಾನು ಹೊಟ್ಟೆನೋವು ಅಂತ ಹೋಗಿ ಮಲಗಲಾ ಅಂತ ಅವರೇ ವಸಂತವೆಲ್ಲ ಮುಂದೂಡಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ.

ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆಯುವಷ್ಟರಲ್ಲಿ ಮೇಡಂ ಆಗಲೇ ರಸ್ತೆ ದಾಟಿ ತಮ್ಮ ಗೇಟು ಸೇರಿದ್ದರು, ಒಂದು ಕೈ ಗೋಡೆಯ ಮೇಲೆ. ಹೊಸಿಲಿನಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿದೆ. ಒಳಗೆ ಒಂದು ಕುಲಾವಿ ಇತ್ತು. ಹಳೆಯ ಮೆತ್ತನೆಯ ಹತ್ತಿ ಸೀರೆಯನ್ನು ಕತ್ತರಿಸಿ, ಕೈಯಲ್ಲೇ ಹೊಲಿದು, ಗಲ್ಲದ ಕೆಳಗೆ ಕಟ್ಟಲು ದಾರ ಇಟ್ಟಿದ್ದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುವುದು ನಮ್ಮಲ್ಲಿ ಹಸುಗೂಸಿಗೂ ಗೊತ್ತಿರುವ ಮಾತು. ಆಸ್ಪತ್ರೆಯ ನರ್ಸ್ ಗೆಳತಿಯರು ಅಂಚೆಯಲ್ಲಿ ಕಳಿಸಿದ ಪುಟ್ಟ ಬಟ್ಟೆಗಳ ಪೊಟ್ಟಣವನ್ನೇ ನಾವು ಒಡೆಯದೆ ಮಂಚದ ಕೆಳಗೆ ತಳ್ಳಿದ್ದೆವು. ಬೇರೆ ಯಾರಾದರೂ ತಂದಿದ್ದರೆ ಗೊತ್ತಾಗದೆ ತಂದರು ಅನ್ನಬಹುದಿತ್ತು. ಹದ ಬರುವ ಮುಂಚೆ ಒಂದು ನೆರಳಿಗೂ ಹೆಸರಿಡದ ಹೆಂಗಸು, ಹುಟ್ಟದ ಮಗುವಿನ ತಲೆಗೆ ಟೋಪಿ ಹೊಲಿದು ತಂದಿದ್ದಾರೆ. ಕೊನೆಯ ಚಿತ್ರದಲ್ಲಿ ಅವರಿಗೆ ಏನೋ ಕಂಡಿದೆ. ಮಗು ಉಳಿಯುವುದಿಲ್ಲ, ಇನ್ನು ಶಾಸ್ತ್ರ ನೋಡಿ ಏನಾಗಬೇಕು ಅಂದುಕೊಂಡಿದ್ದಾರೆ. ನನಗೆ ಹೊಳೆದದ್ದು ಇಷ್ಟೇ.

ಹೆಂಡತಿ ಮೆಟ್ಟಿಲ ಮೇಲೆ ಕೂತು ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡಳು. ಹೊಲಿಗೆಯನ್ನು ಬೆರಳಲ್ಲಿ ಸವರಿದಳು. ಅವಳು ಅಳುತ್ತಿದ್ದದ್ದು ಮಗುವಿಗಾಗಿ ಅಲ್ಲ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ‘ಮೇಡಂಗೆ ಏನೋ ಆಗಿದೆ. ಹೋಗಿ ಕೇಳಿ’ ಅಂದಳು.

ನಾನು ಚಪ್ಪಲಿ ಹಾಕದೆ ರಸ್ತೆ ದಾಟಿದೆ. ಮೇಡಂ ಬಾಗಿಲು ತೆರೆದು, ಒಳಗೆ ಕುರ್ಚಿ ಎಳೆದುಕೊಂಡು ಕೂತರು. ನಾನು ಆಚೆ ನಿಂತೆ. ಅವರೇ ಶುರು ಮಾಡಿದರು.

‘ಮಗು ಬಗ್ಗೆ ಏನೂ ಇಲ್ಲ. ನೀನು ಹೇಳಿದ್ದಕ್ಕಿಂತ ಜಾಸ್ತಿ ನಂಗೇನೂ ಗೊತ್ತಿಲ್ಲ.’

‘ಮತ್ತೆ ಇದ್ಯಾಕೆ ಮೇಡಂ?’

‘ನನ್ನ ಹೊಟ್ಟೆ ಪಿಕ್ಚರ್ ಮೊನ್ನೆ ನಾನೇ ಕೂತು ನೋಡಿದೆ. ಪಕ್ಕದಲ್ಲಿ ಆ ‘ನಾಟ್ ಹದ ಯೆಟ್’ ಹುಡುಗ ಇದ್ದ. ಪಾಪ, ಅವನ ಬಾಯಿಂದ ಏನೂ ಬರಲಿಲ್ಲ. ನಾನೇ ಹೇಳಿಕೊಟ್ಟೆ. ನೋಡು, ಅಂಚಿದೆ, ಗಟ್ಟಿಯಿದೆ, ಪಕ್ಕದ್ದನ್ನ ತಳ್ಳಿದೆ, ಬೇರೆ ಕಡೆಗೂ ಹೋಗಿದೆ.’ ಅವರು ಮಂಡಿಯ ಮೇಲೆ ಕೈ ಇಟ್ಟುಕೊಂಡರು. ‘ನಿಮ್ಮದು ಇನ್ನೂ ಹದಕ್ಕೆ ಬರ್ತಾ ಇದೆ. ನಂದು ಬಂದಾಯ್ತು. ಸೆಪ್ಟೆಂಬರ್ ತನಕ ಕಾಯೋಕೆ ಆಗಲ್ಲ, ಅದಕ್ಕೇ ಹೊಲಿದೆ. ಶಾಸ್ತ್ರ ಗೊತ್ತಿಲ್ಲ ಅಂತ ಅಲ್ಲ.’

ನನಗೆ ಆ ಕ್ಷಣ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಹೇಳಬೇಕು. ಮೊದಲು ಬಂದದ್ದು ಸಮಾಧಾನ, ಮಗುವಿಗೆ ಏನೂ ಆಗಿಲ್ಲ ಅಂತ. ಅದರ ಬೆನ್ನಿಗೇ ಈ ಹೆಂಗಸು ಸಾಯುತ್ತಾರೆ ಎನ್ನುವುದು ಬಂತು. ಆಮೇಲೆ ಇನ್ನು ಯಾರ ಮುಂದೆ ನಿಂತು ಕಂಡದ್ದನ್ನು ಒಪ್ಪಿಸಲಿ ಅಂತ ಹೆದರಿಕೆಯಾಯಿತು. ಅವರು ನೀರು ಕೇಳಿದರು. ಒಳಗೆ ಹೋಗಿ ತರುವ ಹಾಗಿರಲಿಲ್ಲ. ನಮ್ಮ ಮನೆಯಿಂದ ಒಂದು ಚೊಂಬು ತಂದು ಹೊಸಿಲಲ್ಲಿ ಇಟ್ಟು ಹಿಂದೆ ಸರಿದೆ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಆಸ್ಪತ್ರೆಗೆ ಸೇರಿದರು, ಭೇಟಿಗೆ ಯಾರನ್ನೂ ಬಿಡುವ ಹಾಗಿರಲಿಲ್ಲ, ಮೈಸೂರಿನ ತಮ್ಮನಿಗೆ ವಿಮಾನವೇ ಇರಲಿಲ್ಲ. ನಾವು ಫೋನಿನಲ್ಲಿ ಮಾತಾಡುತ್ತಿದ್ದೆವು. ಆಗಸ್ಟ್ ಸ್ಕ್ಯಾನಿನಲ್ಲಿ ಬಿಳಿ ಸ್ವಲ್ಪ ಕುಗ್ಗಿದಂತೆ ಕಂಡಿತು. ನಾನು ಗಡಿಬಿಡಿಯಲ್ಲಿ ‘ಹೋಗ್ತಾ ಇದೆ ಮೇಡಂ’ ಅಂದುಬಿಟ್ಟೆ. ಆ ಕಡೆಯಿಂದ ಉಸಿರಿನ ಸದ್ದು, ಆಮೇಲೆ ಅವರ ದನಿ, ತೆಳ್ಳಗಾಗಿತ್ತು: ‘ಚಿಕ್ಕದಾಗಿದೆ ಅನ್ನು. ಅಷ್ಟಕ್ಕೆ ಸಂತೋಷಪಡು.’ ಅದೇ ಅವರು ನನಗೆ ಆಡಿದ ಕೊನೆಯ ಮಾತು. ಮುಂದಿನ ವಾರ ಹೋದರು. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರನ್ನು ಬಿಟ್ಟರು, ಅದರಲ್ಲಿ ಆ ಹಳ್ಳಿ ಹುಡುಗನೂ ಇದ್ದ. ತುಂಬು ಬಸುರಿಯನ್ನು ಬಿಟ್ಟು ಹೋಗಲಾರದೆ ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಮಧ್ಯದಲ್ಲಿ ಚಿತ್ರ ನಿಂತುಹೋಗಿ, ಮತ್ತೆ ಬರುವಷ್ಟರಲ್ಲಿ ಮುಗಿದಿತ್ತು.

ಸೆಪ್ಟೆಂಬರಿನಲ್ಲಿ ಹೆಂಡತಿಗೆ ನೋವು ಬಂತು. ಡಬ್ಲಿನ್ನಿನಲ್ಲಿ, ಕೊನೆಯ ಹೊತ್ತಿಗೆ, ನನ್ನನ್ನು ಒಳಗೆ ಬಿಟ್ಟರು. ಮಾಸ್ಕು, ಗೌನು, ಕಣ್ಣಿನ ಮೇಲೆ ಪ್ಲಾಸ್ಟಿಕ್ಕು. ಕೋಣೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಜನ ಇದ್ದರು, ಮೂಲೆಯಲ್ಲಿ ದೀಪದ ಕೆಳಗೆ ಒಂದು ಪುಟ್ಟ ಮೇಜು, ಅದರ ಸುತ್ತ ಮಕ್ಕಳ ಡಾಕ್ಟರುಗಳು. ಮಗು ಬಂತು. ಅಳಲಿಲ್ಲ. ಎದೆಗೆ ಕೊಡದೆ ನೇರ ಆ ಮೇಜಿಗೆ ತೆಗೆದುಕೊಂಡು ಹೋದರು.

ಹೆಂಡತಿ ಮಲಗಿದ್ದಲ್ಲಿಂದ ಅವಳಿಗೆ ಡಾಕ್ಟರುಗಳ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ನಿಂತಲ್ಲಿಂದ ಇಬ್ಬರ ಭುಜಗಳ ನಡುವೆ ಒಂದಿಷ್ಟು ಕಾಣುತ್ತಿತ್ತು. ಅವಳು ನನ್ನ ಗೌನಿನ ತೋಳು ಹಿಡಿದೆಳೆದು, ಮಗು ಬದುಕಿದೆಯಾ ಅಂತ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ, ಕಂಡದ್ದನ್ನು ಹೇಳತೊಡಗಿದೆ.

‘ಬಣ್ಣ ನೀಲಿ ಇದೆ. ಮೂಗಿನ ಹತ್ತಿರ ಏನೋ ಹಿಡಿದಿದಾರೆ. ಬೆನ್ನು ಉಜ್ತಾ ಇದಾರೆ. ಕಾಲು ಅಲ್ಲಾಡ್ತು, ಒಂದು ಕಾಲು. ಎದೆ ಏಳ್ತಾ ಇದೆ. ಬಲಗಡೆ ಚೆನ್ನಾಗಿ ಏಳ್ತಿದೆ, ಎಡಗಡೆ ಸ್ವಲ್ಪ ಕಮ್ಮಿ. ಈಗ ಎಡಗಡೆನೂ. ಕಿವಿ ಕೆಂಪಗಾಯ್ತು. ಕೈ ಮುಷ್ಟಿ ಕಟ್ಟಿದೆ.’

ಅವಳು ಕಣ್ಣು ಮುಚ್ಚಿ ನನ್ನ ಮಾತನ್ನೇ ಹಿಡಿದುಕೊಂಡಿದ್ದಳು.

‘ಬಾಯಿ ತೆಗೀತಿದೆ’ ಅಂದೆ.

ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ಅವಳಿಗೇ ಕೇಳಿಸಿತು.